ರೈಫಲು ಇಳಿಸುವ ವಿದ್ಯೆ

ಮಲಗಿ ಗುರಿ ಹಿಡಿಯುವ ಸ್ಪರ್ಧೆಗೆಂದೇ ಮಾಡಿದ ರೈಫಲನ್ನು ಹೊತ್ತು ಓಡುವ, ತೆವಳುವ, ಗೋಡೆಯ ಮರೆಯಿಂದ ಹೊಡೆಯುವ ತರಬೇತಿ ಮುಗಿಸಿದವಳು ನಾನು. ಪೊಲೀಸ್ ಇಲಾಖೆಯಲ್ಲಿ ಕಾನ್‌ಸ್ಟೆಬಲ್. ಊರು ಬೀದರಿನ ನೌಬಾದ. ಆ ತರಬೇತಿಯಲ್ಲಿ ನನ್ನ ಮೈ ಪಟ್ಟ ಪಾಡನ್ನೂ ಕಣ್ಣು ಮನಸ್ಸು ಕಲಿತದ್ದನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಬಂದೂಕು ಹಿಡಿಯುವ ನೌಕರಿಗೆ ನನ್ನ ಹಿಂದೆ ಬರುವ ಹುಡುಗಿಯರಿಗೆ ಇದು ಉಪಯೋಗಕ್ಕೆ ಬರಲಿ ಎಂಬುದೊಂದೇ ಆಸೆ.

ನಮ್ಮಪ್ಪ ಗೌಂಡಿ. ಜಂಬಿಟ್ಟಿಗೆ ಕಲ್ಲಿನ ಗೋಡೆ ಎತ್ತುವವರು. ಮನೆಯಲ್ಲಿ ಯಾರೂ ಬಂದೂಕು ಮುಟ್ಟಿದವರಲ್ಲ. ನಾನು ಮುಟ್ಟಿದ್ದು ಬೀದರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ ಮೇಲೆ. ಕೈಗೆ ಕೊಟ್ಟದ್ದು .22 ಡೀಲಕ್ಸ್ ರೈಫಲು. 25 ಗಜ ದೂರದ ಕಾಗದದ ಮೇಲೆ ಐದು ಗುಂಡು ಒಂದರ ಮಗ್ಗುಲಿಗೆ ಒಂದು ಬೀಳಬೇಕು. ಅದಕ್ಕೆ ಗ್ರೂಪಿಂಗ್ ಅನ್ನುತ್ತಾರೆ. ನನ್ನ ಗ್ರೂಪು ಚಿಕ್ಕದಾಗಿ ಬರುವುದನ್ನು ಕಂಡು ಉಸ್ತಾದರು ಸ್ಪರ್ಧೆಯ ತಂಡಕ್ಕೆ ಹಾಕಿದರು. ಎನ್‌ಸಿಸಿಯ ಗುರಿಕಾರರೆಲ್ಲರ ಕನಸು ಮಾವಳಂಕರ್ ಶೂಟಿಂಗ್ ಸ್ಪರ್ಧೆ. ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅವರೇ 1951ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಅಧ್ಯಕ್ಷರು. ಆ ಸ್ಪರ್ಧೆಯ ತಯಾರಿಗೆ ಸೇರಿದಾಗ ಮೊದಲ ಸಲ ನಿಜವಾದ ಸ್ಪರ್ಧೆಯ ರೈಫಲು ನನ್ನ ಭುಜಕ್ಕೆ ಬಂತು.

ಆ ರೈಫಲು ಎಂಥದ್ದು ಎಂದು ಹೇಳದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ನಳಿಕೆ ದಪ್ಪ. ಹಿಡಿಯಲ್ಲಿ ಹೆಬ್ಬೆರಳು ತೂರಿಸಲು ತೂತು. ಕೆನ್ನೆ ಊರುವ ಹಲಗೆಯನ್ನು ಅವರವರ ಮುಖಕ್ಕೆ ತಕ್ಕಂತೆ ಏರಿಸಿ ಇಳಿಸಬಹುದು. ಭುಜಕ್ಕೆ ಕೂರುವ ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ತೂಕ ಐದಾರು ಕಿಲೋ. ಅಂತರರಾಷ್ಟ್ರೀಯ ನಿಯಮ 8 ಕಿಲೋ ತನಕ ಒಪ್ಪುತ್ತದೆ, ಯಾಕೆಂದರೆ ಭಾರವಿದ್ದಷ್ಟೂ ನಳಿಕೆ ಕಡಿಮೆ ಅಲುಗುತ್ತದೆ. ಮ್ಯಾಗಜಿನ್ ಇಲ್ಲ. ಒಂದೊಂದೇ ಗುಂಡನ್ನು ಬೆರಳಿನಿಂದ ಇಟ್ಟು ಬೋಲ್ಟ್ ಮುಚ್ಚಬೇಕು. ಬಹುತೇಕ ಇಂಥ ರೈಫಲುಗಳಲ್ಲಿ ಸೇಫ್ಟಿ ಗುಂಡಿಯೂ ಇರುವುದಿಲ್ಲ. ಟ್ರಿಗರನ್ನು ನೂರು ಗ್ರಾಮಿನ ಆಸುಪಾಸಿಗೆ ಇಳಿಸಿಕೊಂಡಿರುತ್ತಾರೆ. ಬೆರಳ ತುದಿ ಅಲ್ಲಿದೆಯೆಂದು ಮನಸ್ಸು ನೆನೆಯುವಷ್ಟರಲ್ಲಿ ಗುಂಡು ಹೊರಟಿರುತ್ತದೆ. ಇಲಾಖೆಯ ಇನ್ಸಾಸ್ ರೈಫಲಿನ ಟ್ರಿಗರಿಗೆ ಕಿಲೋಗಟ್ಟಲೆ ಒತ್ತಡ ಬೇಕು.

ಇನ್ನು ಗುರಿ ನೋಡುವ ಕಿಂಡಿ. ಅದಕ್ಕೆ ಡಯಾಪ್ಟರ್ ಎಂದು ಹೆಸರು. ನಮ್ಮ ನೌಬಾದದಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿ ಇದೆ, ಕರೇಜ್ ಎನ್ನುತ್ತಾರೆ. 15ನೇ ಶತಮಾನದಲ್ಲಿ ಜಂಬಿಟ್ಟಿಗೆ ನೆಲದೊಳಗೆ ಎರಡು ಕಿಲೋಮೀಟರಿಗೂ ಮಿಕ್ಕಿ ನೀರಿನ ದಾರಿ ಕೊರೆದು, ಮೇಲಿನಿಂದ ಸಾಲಾಗಿ ಗಾಳಿಬಾವಿಗಳನ್ನು ಇಳಿಸಿದ್ದಾರೆ. ಅಂಥ ಬಾವಿಯ ತಳದಲ್ಲಿ ನಿಂತು ತಲೆ ಎತ್ತಿದರೆ ಆಕಾಶ ಒಂದು ದುಂಡು ಬಿಲ್ಲೆಯಷ್ಟೇ ಕಾಣುತ್ತದೆ. ಡಯಾಪ್ಟರಿನೊಳಗಿನ ಲೋಕವೂ ಅಷ್ಟೇ. ಬಿಲ್ಲೆಯ ನಡುವೆ ಮುಂದಿನ ಉಂಗುರ, ಉಂಗುರದ ನಡುವೆ ಕಪ್ಪು ಗುರಿ, ಮಿಕ್ಕದ್ದೆಲ್ಲ ಕತ್ತಲು. 50 ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. ಅದನ್ನು ಹೊಡೆಯಬೇಕಾದರೆ ಲೋಕವನ್ನು ಅಷ್ಟು ಕಿರಿದು ಮಾಡಿಕೊಳ್ಳಲೇಬೇಕು.

ಮೈಯನ್ನೂ ಅದಕ್ಕೆ ಒಗ್ಗಿಸಬೇಕು. ಎಡ ರಟ್ಟೆಗೆ ಬಿಗಿದ ಪಟ್ಟಿಯಲ್ಲಿ ನಾಡಿ ಬಡಿದರೆ ರೈಫಲು ನಡುಗುತ್ತದೆ. ಆದ್ದರಿಂದ ಕ್ಯಾನ್ವಾಸಿನ ದಪ್ಪ ಜಾಕೆಟು ತೊಟ್ಟು, ಪಟ್ಟಿಯ ಜಾಗ ಹುಡುಕಿ, ಎದೆಬಡಿತ ಇಳಿಯುವ ತನಕ ಕಾಯಬೇಕು. ಉಸಿರು ಬಿಟ್ಟು, ಅರ್ಧಕ್ಕೆ ನಿಲ್ಲಿಸಿ, ಆ ನಿಲುಗಡೆಯಲ್ಲಿ ಬೆರಳು ಒತ್ತಬೇಕು. ಉಸಿರು ತಡೆದ ಎಂಟು ಹತ್ತು ಸೆಕೆಂಡಿನಲ್ಲಿ ಗುಂಡು ಹೊರಡದಿದ್ದರೆ ಕಣ್ಣು ಮಂಜಾಗುತ್ತದೆ. ಆಗ ಹಟ ಮಾಡಬಾರದು. ರೈಫಲು ಇಳಿಸಿ, ಉಸಿರಾಡಿ, ಮೊದಲಿನಿಂದ ಶುರು ಮಾಡಬೇಕು. 60 ಗುಂಡಿಗೆ 50 ನಿಮಿಷ ಕೊಡುವ ಮಲಗುಭಂಗಿಯ ಸ್ಪರ್ಧೆಯಲ್ಲಿ ಹೀಗೆ ಇಳಿಸುವುದಕ್ಕೂ ಸಮಯ ಉಳಿಸಿಕೊಳ್ಳುವವರೇ ಮುಂದೆ ಬರುತ್ತಾರೆ. "ಕೆಟ್ಟ ಗುಂಡು ಬಿಡೂದಕ್ಕಿಂತ ಕೆಳಗ ಇಳಸೂದು ಚಲೋ" ಎಂದು ಉಸ್ತಾದರು ಹೇಳಿದ್ದನ್ನು ಆಗ ಅಂಕದ ಮಾತೆಂದೇ ತಿಳಿದಿದ್ದೆ.

ಮುಂದೆ ಇಲಾಖೆಗೆ ಸೇರಿದೆ. ಠಾಣೆ, ಬಂದೋಬಸ್ತು, ಕೋರ್ಟು ಡ್ಯೂಟಿ, ಜಾತ್ರೆ. ರೈಫಲು ವರ್ಷಕ್ಕೊಮ್ಮೆ ನಡೆಯುವ ಫೈರಿಂಗ್‌ಗೆ ಮಾತ್ರ ಕೈಗೆ ಬರುತ್ತಿತ್ತು. ಹಾಗಿರುವಾಗ 2025ರ ಜನವರಿ 16ರಂದು ಬೀದರ್ ನಗರದ ನಡುಮಧ್ಯೆ ಹಾಡಹಗಲೇ ಅದು ನಡೆಯಿತು. ಎಸ್‌ಬಿಐ ಮುಖ್ಯ ಶಾಖೆಯ ಎದುರು ಎಟಿಎಂಗೆ ತುಂಬುವ ಹಣದ ಪೆಟ್ಟಿಗೆ ಸಾಗಿಸುತ್ತಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಖಾರದ ಪುಡಿ ಎರಚಿ ಗುಂಡು ಹಾರಿಸಿದರು. ಒಬ್ಬರು ಸತ್ತರು, ಇನ್ನೊಬ್ಬರು ಗಾಯಗೊಂಡರು. ಹಣ ಹೊತ್ತು ಹೋದವರು ಹೈದರಾಬಾದಿನ ಅಫ್ಜಲ್‌ಗಂಜಿನಲ್ಲೂ ಗುಂಡು ಹಾರಿಸಿದರು. ಅಂದು ಬೀದರಿನ ಆ ರಸ್ತೆಯಲ್ಲಿದ್ದ ಮಂದಿ ಕಲ್ಲು ಎತ್ತಿ ಒಗೆದರು ಎಂಬ ಮಾತು ಊರೆಲ್ಲ ಹಬ್ಬಿತ್ತು. ನಾನು ಆ ದಿನ ಅಲ್ಲಿರಲಿಲ್ಲ. ಆದರೆ ಆ ರಸ್ತೆ ನನಗೆ ಗೊತ್ತು. ಬೆಳಿಗ್ಗೆ ಅಲ್ಲಿ ಆಟೋದವರು, ಚಹದಂಗಡಿ, ಬ್ಯಾಂಕಿಗೆ ಬಂದ ಮುದುಕರು, ಶಾಲೆಯ ಮಕ್ಕಳು. ನನ್ನ ಕೈಯಲ್ಲಿ ಬಂದೂಕು ಇದ್ದಿದ್ದರೆ ಎಲ್ಲಿ ನಿಂತು, ಯಾರನ್ನು ನೋಡಿ, ಯಾವಾಗ ಹೊಡೆಯುತ್ತಿದ್ದೆ ಎಂಬ ಪ್ರಶ್ನೆ ರಾತ್ರಿ ನಿದ್ದೆಗೆಡಿಸಿತು. 10.4 ಮಿಲಿಮೀಟರ್ ಹೊಡೆಯಬಲ್ಲವಳ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ.

ಆ ಬೇಸಿಗೆಯಲ್ಲಿ ಶಸ್ತ್ರ ಮತ್ತು ಟ್ಯಾಕ್ಟಿಕ್ಸ್ ತರಬೇತಿಗೆ ಹೆಸರು ಕೇಳಿದಾಗ ನಾನೇ ಮುಂದಾಗಿ ಕೊಟ್ಟೆ. ಔರಾದ ಕಡೆಯ ಒಬ್ಬಳು, ಭಾಲ್ಕಿ ಕಡೆಯ ಒಬ್ಬಳು ಜೊತೆಗಿದ್ದರು. ತರಬೇತಿ ಕೇಂದ್ರದ ಹೆಸರು ಇಲ್ಲಿ ಬೇಡ. ಅಲ್ಲಿಗೆ ಹೋದ ಮೇಲೆ ತಿಳಿದದ್ದು, ದೊಡ್ಡ ರೇಂಜು ಬಂದಾಗಿದೆ, ಸಣ್ಣ ರೇಂಜಿನಲ್ಲಿ .22 ಮಾತ್ರ ಹೊಡೆಯಬಹುದು ಎಂದು. ಸಾದಾ .22 ರೈಫಲುಗಳು ಎಲ್ಲರಿಗೂ ಸಾಲಲಿಲ್ಲ. ಕೋತ್‌ನಲ್ಲಿ, ಅಂದರೆ ಶಸ್ತ್ರಾಗಾರದಲ್ಲಿ, ತಂಡದವರಿಗೆಂದು ಇಟ್ಟ ಸ್ಪರ್ಧೆಯ ರೈಫಲೊಂದಿತ್ತು. ನಾನು ಅದನ್ನು ಬಲ್ಲವಳು ಎಂಬ ಕಾರಣಕ್ಕೆ ಅದು ನನ್ನ ಹೆಸರಿಗೆ ಬಿತ್ತು. "ಇದು ಓಡಾಕ ಮಾಡಿದ್ದಲ್ಲ ಸಾಹೇಬ್ರ" ಎಂದೆ. "ಇದ್ದದ್ದರಾಗ ನಡಸೂನು ತಂಗಿ" ಎಂದರು ತರಬೇತುದಾರರು. ಇದ್ದದ್ದರಲ್ಲಿ ನಡೆಸುವುದು ನಮ್ಮ ನೌಕರಿಯಲ್ಲಿ ಹೊಸದಲ್ಲ.

ಒಂದು ವಿಷಯದಲ್ಲಿ ತರಬೇತುದಾರರು ಕಟ್ಟುನಿಟ್ಟು. ಓಡುವಾಗ ಯಾರ ರೈಫಲಿನಲ್ಲೂ ಗುಂಡಿರಕೂಡದು, ಬೋಲ್ಟ್ ತೆರೆದಿರಬೇಕು, ನಳಿಕೆ ನೆಲಕ್ಕೆ. ಜಾಗ ಹಿಡಿದು, ಅವರು ಕೈಸನ್ನೆ ಮಾಡಿದ ಮೇಲೆಯೇ ಗುಂಡು ತುಂಬಬೇಕು. ನನಗೆ ಇನ್ನೊಂದು ಷರತ್ತು: ಕಣ್ಣು ಗುರಿಗೆ ಕೂತು, ಹೊಡೆಯುವುದು ಖಚಿತವಾಗುವ ತನಕ ಬೆರಳು ಟ್ರಿಗರ್ ಕಟ್ಟಿನ ಹೊರಗೇ ಇರಬೇಕು. ಆ ಹಗುರ ಟ್ರಿಗರಿನೊಂದಿಗೆ ಈ ಷರತ್ತಿಲ್ಲದೆ ಯಾರಿಗಾದರೂ ಪೆಟ್ಟಾಗುತ್ತಿತ್ತು.

ಮೊದಲ ಪೆಟ್ಟು ತೋಳಿಗೆ. ಸಾದಾ ರೈಫಲನ್ನು ಎದೆಗೆ ಅಡ್ಡ ಹಿಡಿದು ಓಡಬಹುದು. ಇದರ ತೂಕವೆಲ್ಲ ಮುಂದಕ್ಕೆ. ಹೊತ್ತು ನಡೆಯುವ ಬೆಲ್ಟು ಇಲ್ಲ. ಇರುವ ಪಟ್ಟಿ ಮಲಗಿದಾಗ ರಟ್ಟೆಗೆ ಬಿಗಿಯುವುದಕ್ಕಷ್ಟೇ. ಎರಡೂ ಕೈ ಸದಾ ಅದಕ್ಕೇ ಮೀಸಲು. ಬಿದ್ದರೆ ಊರಲು ಕೈಯಿಲ್ಲ. ಮೊದಲ ದಿನಗಳ ಸಂಜೆ ಊಟದ ತಟ್ಟೆಯಿಂದ ರೊಟ್ಟಿ ಮುರಿಯಲು ಬೆರಳು ಬಗ್ಗುತ್ತಿರಲಿಲ್ಲ. ಭಾಲ್ಕಿಯವಳು ಮುರಿದು ಕೊಡುತ್ತಿದ್ದಳು.

ಎರಡನೆಯದು ನೆಲ. ಬೀದರ್ ಕಡೆಯ ಜಂಬಿಟ್ಟಿಗೆ ನೆಲದ ಮೇಲೆ ಮೊಣಕೈ ಊರಿ ತೆವಳಿದವರಿಗೆ ಗೊತ್ತು, ಅದರ ಹರಳು ಬಟ್ಟೆಯನ್ನೂ ಹರಿಯುತ್ತದೆ, ಚರ್ಮವನ್ನೂ ಹರಿಯುತ್ತದೆ. ಅಲ್ಲಿಯ ಮೈದಾನವೂ ಅಂಥದ್ದೇ. ಕೆಂಪು ಧೂಳು ಬೋಲ್ಟಿನ ಸಂದಿಗೆ ಸೇರಿ ಕಿರ್ರೆನ್ನುತ್ತಿತ್ತು. ಡಯಾಪ್ಟರ್ ಕಿಂಡಿ ಸೂಜಿಯ ತೂತಿನಷ್ಟು. ಒಂದು ಕಣ ಕೂತರೆ ಗುರಿಯೇ ಇಲ್ಲ. ಮಿಕ್ಕವರು ತೆವಳಿ, ಹೊಡೆದು, ಎದ್ದು ಹೋಗುವ ಹೊತ್ತಿಗೆ ನಾನು ಕಿಂಡಿಗೆ ಉಸಿರು ಊದುತ್ತ ಮಲಗಿರುತ್ತಿದ್ದೆ. ಒಮ್ಮೆ ಓಡಿ ಬಂದು ಮಲಗುವ ರಭಸಕ್ಕೆ ಡಯಾಪ್ಟರಿನ ಲೋಹದ ಅಂಚು ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ಹೊಲಿಗೆ ಹಾಕಿಸಿಕೊಂಡು ಮರುದಿನ ಮೈದಾನಕ್ಕೆ ಬಂದೆ.

ಮೂರನೆಯದು ಎದೆಬಡಿತ. ಸ್ಪರ್ಧೆಯಲ್ಲಿ ಎದೆ ಶಾಂತವಾಗುವ ತನಕ ಕಾಯುವುದೇ ನನ್ನ ವಿದ್ಯೆ. ಇಲ್ಲಿ ಕಾಯುವ ಹಾಗಿಲ್ಲ. ಓಡಿ ಬಂದ ಎದೆ ನಗಾರಿ ಹೊಡೆಯುತ್ತಿರುವಾಗಲೇ ಗುರಿ ಎದ್ದು ನಾಲ್ಕೈದು ಸೆಕೆಂಡಿನಲ್ಲಿ ಬೀಳುತ್ತದೆ. ಉಂಗುರದೊಳಗೆ ಕಪ್ಪು ಆಕೃತಿ ಬಂದು ಬಂದು ಹೋಗುತ್ತದೆ. ಒಂದು ಗುಂಡು ಹೊಡೆದು ಇನ್ನೊಂದನ್ನು ಬೆವರಿದ ಬೆರಳಿನಿಂದ ತೊಟ್ಟಿಗೆ ಇಡುವಷ್ಟರಲ್ಲಿ ಜೋಡಿಯವಳು ಮ್ಯಾಗಜಿನ್ ಖಾಲಿ ಮಾಡಿರುತ್ತಾಳೆ. ಇಬ್ಬರಲ್ಲಿ ಒಬ್ಬಳು ಹೊಡೆಯುವಾಗ ಇನ್ನೊಬ್ಬಳು ಮುಂದೆ ಸರಿಯಬೇಕೆಂಬುದು ಪಾಠ. ನನ್ನ ಸರದಿ ಬಂದಾಗ ಔರಾದದವಳಿಗೆ ಸಿಗುವ ಆಸರೆ ಒಂದೇ ಗುಂಡಿನದು. ಅವಳು ಮರಾಠಿ ಬೆರೆಸಿ ಮಾತಾಡುವ ಗಟ್ಟಿ ಹೆಣ್ಣು. ಒಂದು ದಿನವೂ ಗೊಣಗಲಿಲ್ಲ. "ನೀ ಕೂಗಿ ಹೇಳವಾ, ಗುಂಡು ತುಂಬಾಕತ್ತೀನಂತ. ನಾ ಅಲ್ಲೀತನಕ ಮರೀ ಬಿಟ್ಟು ಏಳೂದಿಲ್ಲ" ಎಂದಳು. ಅಲ್ಲಿಂದ ನಾವು ಕೂಗಿಕೊಂಡೇ ಮುಂದೆ ಸಾಗಿದೆವು. ಮೌನದಲ್ಲಿ ಬೆಳೆದ ಗುರಿಕಾರ್ತಿಗೆ ಬಾಯಿ ತೆರೆಯುವುದೂ ಒಂದು ಕಲಿಕೆಯೇ.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಕಣ್ಣು. ಅಭ್ಯಾಸದ ಗುರಿಗಳಲ್ಲಿ ಒಂದರ ಕೈಯಲ್ಲಿ ಪಿಸ್ತೂಲು ಬರೆದಿದ್ದರೆ, ಇನ್ನೊಂದರ ಕೈಯಲ್ಲಿ ಮೊಬೈಲು, ಮತ್ತೊಂದರ ಕಂಕುಳಲ್ಲಿ ಮಗು. ಎಡದಿಂದ ಒಂದು, ಬಲದಿಂದ ಒಂದು ಏಳುತ್ತಿದ್ದವು. ಡಯಾಪ್ಟರಿನೊಳಗೆ ಕಣ್ಣಿಟ್ಟವಳಿಗೆ ಎದುರಿನದೊಂದು ಬಿಟ್ಟು ಯಾವುದೂ ಕಾಣದು. ಹೆದರಿದ ಮನುಷ್ಯನ ನೋಟ ತಾನಾಗಿಯೇ ಕಿರಿದಾಗುತ್ತದೆ. ಅದರ ಮೇಲೆ ನನ್ನ ಆಯುಧವೂ ನೋಟವನ್ನು ಕಿರಿದು ಮಾಡುವಂಥದ್ದು. ವರ್ಷಗಟ್ಟಲೆ ಮಿಕ್ಕ ಲೋಕವನ್ನು ಮುಚ್ಚಲು ಕಲಿತ ಕಣ್ಣಿಗೆ ಈಗ ಲೋಕವನ್ನು ತೆರೆಯುವ ಪಾಠ. ತಲೆ ಎತ್ತು, ಎಡ ನೋಡು, ಬಲ ನೋಡು, ಗುರಿಯ ಹಿಂದೆ ಏನಿದೆ ನೋಡು, ಆಮೇಲೆ ಕಿಂಡಿಗೆ ಬಾ. ತರಬೇತುದಾರರು ಇದನ್ನು ಮಂತ್ರದ ಹಾಗೆ ಹೇಳಿಸಿದರು. ಗುರಿಯ ಹಿಂದೆ ಯಾಕೆಂದರೆ, ಸಣ್ಣದೆಂದು ಜನ ತಾತ್ಸಾರ ಮಾಡುವ .22 ಗುಂಡೂ ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ತನಕ ಹೋಗುತ್ತದೆ. ಇನ್ಸಾಸ್ ಗುಂಡಿನ ಮಾತು ಕೇಳುವುದೇ ಬೇಡ. ರೇಂಜಿನಲ್ಲಿ ಹಿಂದೆ ಮಣ್ಣಿನ ದಿಬ್ಬವಿರುತ್ತದೆ. ಪೇಟೆಯಲ್ಲಿ ಹಿಂದೆ ಮನುಷ್ಯರಿರುತ್ತಾರೆ.

ಬಿಸಿಲಿನ ಮಾತು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅದರಲ್ಲಿ ನಾನು ಬಿದ್ದೆ. ನಮ್ಮ ಕಡೆ ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಸಮವಸ್ತ್ರ, ಬೂಟು, ಹೆಲ್ಮೆಟ್. ಒಂದು ಮಧ್ಯಾಹ್ನ ಓಟದ ನಡುವೆ ಹೊಟ್ಟೆಯ ಕೆಳಗಿನ ಸ್ನಾಯು ಹಿಡಿದುಕೊಂಡಿತು. ಆಮೇಲೆ ತಲೆ ಹಗುರಾಯಿತು, ಬಾಯಿ ಒಣಗಿತು, ಮೈದಾನದ ಅಂಚಿನ ಬೇವಿನ ಮರ ಎರಡಾಗಿ ಕಂಡಿತು. ರೈಫಲು ಕೈಬಿಡಬಾರದೆಂಬ ಒಂದೇ ಯೋಚನೆ ಉಳಿದಿತ್ತು. ಬೋಲ್ಟ್ ತೆರೆದಿದೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿದ್ದು ನೆನಪಿದೆ. ಅಲ್ಲಿಂದ ಮುಂದೆ ನೆನಪಿಲ್ಲ.

ಎಚ್ಚರಾದಾಗ ನೆರಳಲ್ಲಿದ್ದೆ. ಔರಾದದವಳು ನನ್ನ ಬೂಟು ಬಿಚ್ಚಿ, ಕಾಲು ಎತ್ತರಕ್ಕೆ ಇಟ್ಟು, ಕುತ್ತಿಗೆಗೆ ಕಂಕುಳಿಗೆ ಒದ್ದೆ ಬಟ್ಟೆ ಇಟ್ಟಿದ್ದಳು. ಎಚ್ಚರ ಬರುವ ಮೊದಲು ಬಾಯಿಗೆ ನೀರು ಹಾಕಲು ಬಂದವರನ್ನು ಅವಳೇ ತಡೆದಳಂತೆ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಏರಿಸಿದರು. ಇನ್ನೊಂದಿಷ್ಟು ಹೊತ್ತು ಬಿಸಿಲಲ್ಲಿದ್ದಿದ್ದರೆ ಮಿದುಳಿಗೆ ಪೆಟ್ಟಾಗುತ್ತಿತ್ತು ಎಂದರು ಡಾಕ್ಟರು. ಮಧ್ಯಾಹ್ನ ಓಡಿಸಬಾರದಿತ್ತು, ಮೈದಾನದಲ್ಲಿ ನೀರಿನ ಹತ್ತಿರ ಉಪ್ಪು ಸಕ್ಕರೆಯ ಓಆರ್‌ಎಸ್ ಇರಬೇಕಿತ್ತು. ಇದು ನನ್ನ ದೂರು. ಅದನ್ನು ಲಿಖಿತವಾಗಿಯೂ ಕೊಟ್ಟೆ. ಆಮೇಲೆ ಓಟ ಬೆಳಗಿನ ಜಾವಕ್ಕೆ ಬದಲಾಯಿತು.

ಫೋನಿನಲ್ಲಿ ಅವ್ವ ಅತ್ತಳು. "ಸಾಕು ಯವ್ವಾ, ಬಂದುಬಿಡು" ಎಂದಳು. ಅಪ್ಪ ಫೋನು ತೆಗೆದುಕೊಂಡು, "ಮೈ ಆದ್ರ ಮುಗಿಸು, ಆಗಲಿಲ್ಲಂದ್ರ ಬಾ. ಎರಡೂ ಮರ್ಯಾದೀನ" ಎಂದರು. ಆ ಮಾತಿನ ಬಲದಿಂದಲೇ ನಾನು ಉಳಿದೆ. ಡಾಕ್ಟರು ಒಪ್ಪಿದ ಮೇಲೆ ಮತ್ತೆ ಮೈದಾನಕ್ಕಿಳಿದೆ.

ಕೊನೆಯ ಪರೀಕ್ಷೆಗೆ ತಗಡಿನ ತಡಿಕೆಗಳಿಂದ ಒಂದು ಬೀದಿ ಮಾಡಿದ್ದರು. ಒಂದು ಕಡೆ ಎಟಿಎಂ ಎಂದು ಬರೆದ ಡಬ್ಬಿ. ಹಗ್ಗ ಎಳೆದರೆ ಏಳುವ ಆಕೃತಿಗಳು. ಹಿಂದೆ ಎತ್ತರದ ಮಣ್ಣಿನ ಒಡ್ಡು. ಬೀದರಿನವರಾದ ನಮಗೆ ಅದು ಯಾವ ಬೀದಿ ಎಂದು ಯಾರೂ ಹೇಳಬೇಕಿರಲಿಲ್ಲ. ಓಡಿ ಹೋಗಿ ಒಂದು ಕಟ್ಟೆಯ ಮರೆ ಹಿಡಿದೆ. ಸನ್ನೆ ಬಂತು, ಗುಂಡು ಇಟ್ಟೆ. ಪಿಸ್ತೂಲಿನ ಆಕೃತಿ ಎದ್ದಿತು. ಉಂಗುರದ ನಡುವೆ ಸರಿಯಾಗಿ ಬಂದು ನಿಂತಿತು. ಆ ಹೊತ್ತಿಗೆ ಹೊಡೆದಿದ್ದರೆ ಗುಂಡು ತಪ್ಪುತ್ತಿರಲಿಲ್ಲ. ಆದರೆ ಬೆರಳು ಒಳಗೆ ಹೋಗುವ ಮೊದಲು ತಲೆ ಎತ್ತಿ ನೋಡಿದೆ. ಆಕೃತಿಯ ಹೆಗಲ ಹಿಂದೆ ಇನ್ನೊಂದರ ಸೀರೆಯ ಬಣ್ಣ ಕಂಡಿತು. ರೈಫಲು ಇಳಿಸಿದೆ. ಬೋಲ್ಟ್ ತೆರೆದು, "ಹಿಂದ ಮಂದಿ ಅದಾರ, ಎಡಕ್ಕ ಸರೀತೀನಿ" ಎಂದು ಕೂಗಿ ಕಟ್ಟೆಯ ಆ ತುದಿಗೆ ಉರುಳಿದೆ. ಅಷ್ಟರಲ್ಲಿ ಸೀಟಿ ಊದಿದರು, ಆಕೃತಿ ಬಿದ್ದುಹೋಯಿತು.

"ಹೊಡೀಲಿಲ್ಲ ಯಾಕ?" ಎಂದು ತರಬೇತುದಾರರು ಕೇಳಿದರು. ಕಂಡದ್ದನ್ನು ಹೇಳಿದೆ. ಅವರು ಹೋಗಿ ನಾನು ಮಲಗಿದ್ದ ಜಾಗದಲ್ಲೇ ಮಲಗಿ ನೋಡಿದರು. ಎದ್ದು ಬಂದು, "ಸರಿ ಅದ" ಎಂದರು. ಅಂಕಪಟ್ಟಿಯಲ್ಲಿ ಮಾತ್ರ ಆ ಸುತ್ತಿಗೆ ಸೊನ್ನೆ. ಅವರ ಮನಸ್ಸಿನಲ್ಲಿ ಕೊಡಬೇಕೆಂದಿದ್ದರೂ ಕೊಡುವ ದಾರಿಯಿರಲಿಲ್ಲ. ತಗುಲಿದ ಗುಂಡು, ತಪ್ಪಿದ ಗುಂಡು, ಹಿಡಿದ ಸಮಯ, ಈ ಮೂರೇ ಕಾಲಂ.

ಆಗ ನನಗೆ ಕಾಲೇಜಿನ ಉಸ್ತಾದರ ಮಾತಿನ ಪೂರ್ತಿ ಬೆಲೆ ತಿಳಿಯಿತು. ಸ್ಪರ್ಧೆಯ ರೈಫಲು ಬೀದಿಗೆ ತರುವಂಥದ್ದಲ್ಲ. ಅದರ ತೂಕ, ಅದರ ಕಿಂಡಿ, ಅದರ ಟ್ರಿಗರು ಎಲ್ಲವೂ ಅಲ್ಲಿ ಅಪಾಯ. ಅದರಿಂದ ಇಂಥ ತರಬೇತಿ ಮಾಡಿಸುವುದು ಯಾವ ಕೇಂದ್ರದಲ್ಲೂ ನಡೆಯಬಾರದು. ಆದರೆ ಆ ರೈಫಲು ಕಲಿಸಿದ ಇಳಿಸುವ ಅಭ್ಯಾಸ ಬೀದಿಗೇ ಹೆಚ್ಚು ಬೇಕು. ಸ್ಪರ್ಧೆಯಲ್ಲಿ ಅದು ಒಂದು ಅಂಕ ಉಳಿಸುತ್ತದೆ. ಬೀದಿಯಲ್ಲಿ ಬ್ಯಾಂಕಿಗೆ ಬಂದ ಮುದುಕನೊಬ್ಬ ಮನೆಗೆ ಮರಳುತ್ತಾನೆ.

ಪೊಲೀಸರ ಗುಂಡಿನಿಂದ ಸಾವಾದರೆ ಎಫ್‌ಐಆರ್ ಆಗಬೇಕು, ಬೇರೆ ಠಾಣೆಯವರೋ ಸಿಐಡಿಯವರೋ ತನಿಖೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಅದು ಗುಂಡು ಹೊರಟ ಮೇಲಿನ ಮಾತು. ಹೊರಡುವ ಮೊದಲಿನ ಆ ಎರಡು ಸೆಕೆಂಡಿನ ತೀರ್ಮಾನವನ್ನು ಮೈದಾನದಲ್ಲೇ ಕಲಿಸಬೇಕು, ಮತ್ತೆ ಮತ್ತೆ ಮಾಡಿಸಬೇಕು. ವರ್ಷಕ್ಕೊಮ್ಮೆ ಕಾಗದಕ್ಕೆ ಹೊಡೆಸಿ ಕಳಿಸಿದರೆ ಅದು ಬರುವುದಿಲ್ಲ.

ಆ ದಿನ ಸಂಜೆ ಹೊಡೆಯದ ಗುಂಡನ್ನು ಕೋತ್‌ಗೆ ಒಪ್ಪಿಸಿದೆ. ಅಲ್ಲಿಯ ರಿಜಿಸ್ಟರಿನಲ್ಲಿ ಕೊಟ್ಟ ಗುಂಡಿಗೆ, ಹೊಡೆದ ಗುಂಡಿಗೆ, ವಾಪಸ್ ಬಂದ ಗುಂಡಿಗೆ ಬೇರೆ ಬೇರೆ ಕಾಲಂ ಇದೆ. ಪ್ರತಿ ಖಾಲಿ ಕೇಸಿನ ಲೆಕ್ಕವೂ ಇದೆ. ಉಗ್ರಾಣದವರು ಹಿಡಿಯುವ ಲೆಕ್ಕವನ್ನು ತರಬೇತಿಯವರೂ ಹಿಡಿಯಲಿ ಎಂಬುದೇ ನನ್ನ ಬೇಡಿಕೆ. ಕಾರಣ ನೋಡಿ, ಕಾರಣ ಹೇಳಿ, ಹೊಡೆಯದೆ ಬಿಟ್ಟ ಗುಂಡಿಗೆ ಅಂಕಪಟ್ಟಿಯಲ್ಲಿ ಒಂದು ಕಾಲಂ ಹಾಕಿ. ಅದಕ್ಕೆ ತಗುಲಿದ ಗುಂಡಿನಷ್ಟೇ ಅಂಕ ಕೊಡಿ.